ರಾಣಿಗೆ ಕೊಟ್ಟ ಕಷಾಯ

ಅಮೆರಿಕಕ್ಕೆ ಹೋಗಿ ಬಂದೆ ಎಂದರೆ ನಮ್ಮ ಬೀದಿಯವರು ಮೊದಲು ಕೇಳುವುದು ನಯಾಗರ ನೋಡಿದಿರಾ ಎಂದು. ಇಲ್ಲ ಎಂದರೆ ಅವರ ಮುಖ ಸಪ್ಪಗಾಗುತ್ತದೆ. ನಾನು ನೋಡಿದ್ದು ಕೊರಿಯಾ ದೇಶದ ಒಂದು ಅರಮನೆ, ಅದರ ರಾಜ, ಅವನ ಇಬ್ಬರು ರಾಣಿಯರು ಮತ್ತು ಅವರ ಜಗಳ. ನೋಡಿದ್ದು ಟೆಕ್ಸಾಸ್‌ನಲ್ಲಿ, ಬಾಣಂತಿಯ ಪಕ್ಕ ಕೂತು, ಟೀವಿಯಲ್ಲಿ. ಇದನ್ನು ಹೇಳಿದರೆ ಅವರ ಮುಖ ಇನ್ನೂ ಸಪ್ಪಗಾಗುತ್ತದೆ. ಅದಕ್ಕೇ ಬರೆಯುತ್ತಿದ್ದೇನೆ. ಬರೆಯುವಾಗ ಯಾರ ಮುಖವೂ ಕಾಣುವುದಿಲ್ಲ.

ನಿಜವಾಗಿ ಹೋಗಬೇಕಾಗಿದ್ದವಳು ನನ್ನ ಅಕ್ಕ. ಅವಳ ಮಗಳು ಶುಭಾ ಡಾಲಸ್ ಪಕ್ಕದ ಯೂಲೆಸ್‌ನಲ್ಲಿ ದಿನ ತುಂಬಿದ ಬಸುರಿ. ಬಾಣಂತನಕ್ಕೆ ಅಕ್ಕ, ಜೊತೆಗೆ ಊರು ನೋಡಲು ನಾನು ಎಂದು ಇಬ್ಬರಿಗೂ ವೀಸಾ ಆಗಿತ್ತು. ಹೊರಡುವುದಕ್ಕೆ ಒಂದು ವಾರ ಇದೆ ಎನ್ನುವಾಗ ಅಕ್ಕ ಬಚ್ಚಲಲ್ಲಿ ಜಾರಿ ಕಾಲು ಮುರಿದುಕೊಂಡಳು. "ನೀನೇ ಹೋಗೇ ಸರೋಜ" ಎಂದಳು, ಪ್ಲಾಸ್ಟರ್ ಹಾಕಿದ ಕಾಲನ್ನು ದಿಂಬಿನ ಮೇಲಿಟ್ಟುಕೊಂಡು.

ನಾನು ಮದುವೆಯಾದವಳಲ್ಲ. ಮೈಸೂರಿನ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಆಪರೇಟರ್ ಆಗಿದ್ದು ರಿಟೈರಾದವಳು. ಊರಿನವರ ಮಾತನ್ನೆಲ್ಲ ಒಬ್ಬರಿಂದ ಒಬ್ಬರಿಗೆ ಜೋಡಿಸಿ ಗೊತ್ತೇ ಹೊರತು, ಒಂದು ಕೂಸನ್ನು ಕಾಲ ಮೇಲೆ ಮಲಗಿಸಿಕೊಂಡು ನೀರು ಹುಯ್ದು ಗೊತ್ತಿಲ್ಲ.

"ನನಗೆ ಬಾಣಂತನದ ಗಂಧಗಾಳಿ ಇಲ್ಲವಲ್ಲೇ" ಎಂದೆ.

"ಫೋನಲ್ಲಿ ಹೇಳಿಕೊಡ್ತೀನಿ. ಫೋನಿನ ಕೆಲಸ ನಿನಗೆ ಹೇಳಿಕೊಡಬೇಕಾ?"

ಹೀಗೆ ನಾನು ಟ್ರಂಕ್ ಕಾಲಿನ ಬಾಣಂತನಕ್ಕೆ ಹೊರಟೆ.

ಡಾಲಸ್ ಏರ್‌ಪೋರ್ಟು

ನನ್ನ ಪೆಟ್ಟಿಗೆಯಲ್ಲಿ ಇದ್ದದ್ದು ಎರಡು ರೇಷ್ಮೆ ಸೀರೆ, ನಾಲ್ಕು ಹತ್ತಿ ಸೀರೆ. ಉಳಿದದ್ದೆಲ್ಲ ಬಾಣಂತಿಯದು: ಲೇಹ್ಯ, ಕಷಾಯದ ಪುಡಿ, ಸೀಗೆಪುಡಿ, ಸಾಂಬ್ರಾಣಿ, ಬಜೆ, ಹಿಪ್ಪಲಿ, ಒಂದು ಪೊಟ್ಟಣ ಇಂಗು. ಆರಡಿ ಎತ್ತರದ ಕಸ್ಟಮ್ಸ್ ಆಫೀಸರ್ ಬಜೆಯ ಕೊಂಬನ್ನು ಎತ್ತಿ ಹಿಡಿದು ಇದೇನು ಎಂದ. ಕೂಸಿನ ನಾಲಿಗೆಗೆ ತೇಯ್ದು ಹಚ್ಚುವುದು ಎಂದೆ. ಯಾಕೆ ಎಂದ. ಮಾತು ಚೆನ್ನಾಗಿ ಬರಲಿ ಅಂತ ಎಂದೆ. ಅವನು ನನ್ನನ್ನೊಮ್ಮೆ ನೋಡಿದ. ನಿನಗೂ ಹಚ್ಚಿದ್ದರೇನಮ್ಮ ಎಂದು ಕೇಳುವ ಹಾಗಿತ್ತು ಆ ನೋಟ. ಆಮೇಲೆ ಇಂಗಿನ ಪೊಟ್ಟಣ ಬಿಚ್ಚಿ ಮೂಗಿನ ಹತ್ತಿರ ತಂದವನು ಅಷ್ಟೇ ಬೇಗ ಮುಚ್ಚಿದ, ಪೆಟ್ಟಿಗೆಯನ್ನೂ ಮುಚ್ಚಿದ, ಹೋಗಿ ಎಂದು ಕೈ ಮಾಡಿದ.

ಹೊರಗೆ ಶುಭಾಳ ಗಂಡ ಪ್ರಸನ್ನ ಕಾಯುತ್ತಿದ್ದ. ಹುಬ್ಬಳ್ಳಿಯ ಹುಡುಗ, ಮಾತಿಗೆ ಮೊದಲು ನಗುತ್ತಾನೆ. "ಕೂಸು ನಿನ್ನೇನ ಹುಟ್ಟಿತ್ರೀ ಚಿಕ್ಕಮ್ಮಾರ. ಹೆಣ್ಣು. ನಿಮ್ಮ ಸಲುವಾಗಿ ಕಾಯಲಿಲ್ಲ" ಎಂದ. ಟೆಕ್ಸಾಸ್ ಎಂದರೆ ಉರಿಬಿಸಿಲು ಎಂದು ಯಾರೋ ಹೇಳಿದ್ದನ್ನು ನಂಬಿ ನಾನು ಸ್ವೆಟರನ್ನು ಮೈಸೂರಿನಲ್ಲೇ ಬಿಟ್ಟು ಬಂದಿದ್ದೆ. ಬಾಗಿಲು ತೆರೆದರೆ ನೆಲದ ಮೇಲೆ ಗಾಜು ಸುರಿದ ಹಾಗೆ ಐಸು. ಪ್ರಸನ್ನನ ಕೋಟು ಹೊದ್ದು, ಅವನ ತೋಳು ಹಿಡಿದು, ಹಂಸದ ನಡಿಗೆಯಲ್ಲಿ ಕಾರಿನವರೆಗೆ ಹೋದೆ. ಅಕ್ಕನ ಕಾಲು ನೆನಪಾಗಿ ದಾರಿಯುದ್ದಕ್ಕೂ ಆಂಜನೇಯನನ್ನು ಕರೆದೆ.

ಯೂಲೆಸ್

ಯೂಲೆಸ್ ಎನ್ನುವುದು ಏರ್‌ಪೋರ್ಟಿನ ಮಗ್ಗುಲಲ್ಲೇ ಇದೆ. ಮನೆಯ ಮೇಲೆ ಸದಾ ವಿಮಾನ. ಮೊದಲೆರಡು ದಿನ ನಾನು ಪ್ರತಿ ವಿಮಾನಕ್ಕೂ ಕಿಟಕಿಗೆ ಓಡಿದೆ, ಮೂರನೆಯ ದಿನದಿಂದ ನಮ್ಮ ಬೀದಿಯ ಆಟೋ ಎಂದುಕೊಂಡೆ.

ಆಸ್ಪತ್ರೆಯವರು ಕೂಸನ್ನು ಕಾರಿನ ಸೀಟಿಗೆ ಬೆಲ್ಟು ಹಾಕಿ ಬಿಗಿದದ್ದನ್ನು ನೋಡಿಕೊಂಡೇ ಮನೆಗೆ ಬಿಟ್ಟರು. ಅದೂ ಹಿಂದುಮುಂದಾಗಿ ಕೂರಿಸಿ. ಮಡಿಲಲ್ಲಿ ಮಲಗಿಸಿಕೊಳ್ಳುತ್ತೇನೆಂದರೆ ಕಾನೂನು ಒಪ್ಪುವುದಿಲ್ಲವಂತೆ. ಹುಟ್ಟಿದ ಮರುದಿನವೇ ಜಗತ್ತಿಗೆ ಬೆನ್ನು ಮಾಡಿ ಕೂತು ಮನೆಗೆ ಬಂತು ನಮ್ಮ ಕೂಸು.

ನಾನು ಸೊಂಟ ಕಟ್ಟಿ ನಿಂತೆ. ಬೆಳಿಗ್ಗೆ ಅಕ್ಕನ ಫೋನು, ಸಂಜೆ ಅಕ್ಕನ ಫೋನು. ಎಣ್ಣೆ ಹಚ್ಚುವುದು, ನೀರು ಹುಯ್ಯುವುದು, ಬಟ್ಟೆ ಸುತ್ತುವುದು, ತೇಗು ಬರಿಸುವುದು, ಎಲ್ಲ ನಾನೇ. ಕೂಸು ಕುಂಯ್ ಎಂದರೆ ಒಲೆಯ ಮೇಲಿನ ಹಾಲನ್ನೂ ಬಿಟ್ಟು ಓಡುತ್ತಿದ್ದೆ. ಗಂಧಗಾಳಿ ಇಲ್ಲದವಳು ಎಂದು ಯಾರೂ ಅನ್ನಬಾರದಲ್ಲ.

ಆದರೆ ಶುಭಾ ಮಂಕಾಗಿದ್ದಳು. ನಮ್ಮ ಶುಭಾ ಎಂದರೆ ಬಸ್ಸಿನಲ್ಲಿ ಪಕ್ಕದ ಸೀಟಿನವರ ಹತ್ತಿರವೂ ಹರಟುವ ಹುಡುಗಿ. ಈಗ ಊಟ ಬಡಿಸಿದರೆ "ಸಾಕು", ಮಾತಾಡಿಸಿದರೆ "ಹೂಂ". ಕೂಸನ್ನು ಹಾಲಿಗೆ ಕೊಟ್ಟಾಗ ತಗೊಳ್ಳುತ್ತಿದ್ದಳು, ಮುಗಿದ ಕೂಡಲೇ ನನ್ನ ಕಡೆ ಚಾಚುತ್ತಿದ್ದಳು. ಹೆತ್ತವರಿಗೆ ಹೆಗ್ಗಣ ಮುದ್ದು ಅನ್ನುತ್ತಾರೆ. ಇವಳು ಇಂಥ ಚಿನ್ನದಂಥ ಕೂಸನ್ನೂ ಕಣ್ಣೆತ್ತಿ ನೋಡುತ್ತಿರಲಿಲ್ಲ. ಕಷಾಯದ ಲೋಟವಂತೂ ತಂದ ಹಾಗೇ ತಣ್ಣಗಾಗುತ್ತಿತ್ತು. ಅಕ್ಕನಿಗೆ ಫೋನಿನಲ್ಲಿ "ಚೆನ್ನಾಗಿದ್ದಾಳೆ" ಎಂದು ಹೇಳಿ, ಬೇಗ ಮಾತನ್ನು ಕೂಸಿನ ಕಡೆಗೆ ತಿರುಗಿಸುತ್ತಿದ್ದೆ.

ಒಂದು ದಿನ ಕೂಸಿನ ಸ್ನಾನವಾದ ಮೇಲೆ ಅಕ್ಕ ಹೇಳಿದಂತೆ ಸಾಂಬ್ರಾಣಿ ಹೊಗೆ ಹಾಕಿದೆ. ಸೂರಿನಲ್ಲಿದ್ದ ಡಬ್ಬಿಯೊಂದು ಊಳಿಡತೊಡಗಿತು. ಹೊಗೆ ಕಂಡರೆ ಕೂಗುವ ಯಂತ್ರ ಅದು, ನನಗೇನು ಗೊತ್ತು. ಇಡೀ ಕಟ್ಟಡದವರು ಹೊರಗೆ ಬಂದರು. ಪಕ್ಕದ ಮನೆಯಿಂದ ಬಂದವರು ಒಬ್ಬ ಕೊರಿಯಾದ ಅಜ್ಜಿ, ಎಪ್ಪತ್ತರ ಹತ್ತಿರದವರು, ಗುಂಗುರು ಕೂದಲು, ಹೂವಿನ ಪ್ಯಾಂಟು. ಬಾಗಿಲಲ್ಲಿ ನಿಂತು ಕೆಂಡ ನೋಡಿದರು, ಕೂಸನ್ನು ನೋಡಿದರು, ತಲೆಗೆ ಬಟ್ಟೆ ಕಟ್ಟಿಕೊಂಡು ಮಲಗಿದ್ದ ಶುಭಾಳನ್ನು ನೋಡಿದರು. ಅವರಿಗೆ ಎಲ್ಲ ಅರ್ಥವಾಯಿತು. ಟವಲು ಬೀಸಿ ಯಂತ್ರದ ಬಾಯಿ ಮುಚ್ಚಿಸಿದರು. ಹೊಗೆ ಹೋಗಲೆಂದು ನಾನು ತೆರೆದಿದ್ದ ಕಿಟಕಿಯನ್ನು ದಢಾರನೆ ಮುಚ್ಚಿ, ಬಾಣಂತಿಗೆ ಗಾಳಿ ತಗಲಿಸುತ್ತೀಯಾ ಎಂದು ನನಗೆ ಕೊರಿಯನ್ ಭಾಷೆಯಲ್ಲಿ ಬೈದರು. ಬೈಗುಳಕ್ಕೆ ಅನುವಾದ ಬೇಕಾಗಲಿಲ್ಲ.

ಅವತ್ತಿನಿಂದ ಅವರು ದಿನಾ ಬಂದರು. ಅವರ ಮಗಳು ಕೆಲಸಕ್ಕೆ ಹೋದರೆ ಸಂಜೆಯವರೆಗೆ ಅವರೊಬ್ಬರೇ. ಹಲ್ಮೊನಿ ಎಂದರೆ ಅವರ ಭಾಷೆಯಲ್ಲಿ ಅಜ್ಜಿ. ನಾವೂ ಹಾಗೇ ಕರೆದೆವು. ಅವರಲ್ಲೂ ಬಾಣಂತಿ ತಣ್ಣೀರು ಮುಟ್ಟುವಂತಿಲ್ಲ, ಗಾಳಿಗೆ ಹೋಗುವಂತಿಲ್ಲ, ಬಿಸಿ ಸಾರು ಕುಡಿಯಬೇಕು. ಅವರ ಸಾರು ಸಮುದ್ರದ ಪಾಚಿಯದು, ಮೀನಿನ ವಾಸನೆ ಬರುತ್ತಿತ್ತು. ನಾನು ಅಂಗೈಯನ್ನು ಮೀನಿನ ಹಾಗೆ ಆಡಿಸಿ, ಅದು ಬೇಡ ಎಂದು ತಲೆ ಅಲ್ಲಾಡಿಸಿದೆ. ಪಾತ್ರೆ ವಾಪಸು ತೆಗೆದುಕೊಂಡು ಹೋಗಿ, ಬರೀ ಎಳ್ಳೆಣ್ಣೆಯಲ್ಲಿ ಮಾಡಿ ತಂದರು. ನಾನು ಕುಡಿದೆ, ನಮ್ಮ ಬಸಳೆ ಸಾರಿಗೆ ದೂರದ ನೆಂಟು ಎನ್ನಿಸಿತು. ಶುಭಾ ಎರಡು ಚಮಚಕ್ಕೆ ಸಾಕೆಂದಳು.

ಯೂಲೆಸ್, ಒಂದು ಮಧ್ಯಾಹ್ನ

ಕೊರಿಯಾದವರ ದಿನಸಿ ಅಂಗಡಿಗಳಲ್ಲಿ ಅವರ ಸಿನೆಮಾ ಕ್ಯಾಸೆಟ್ಟುಗಳು ಬಾಡಿಗೆಗೆ ಸಿಗುತ್ತವೆ. ಒಂದು ದಿನ ಹಲ್ಮೊನಿ ಒಂದು ಕ್ಯಾಸೆಟ್ಟು ತಂದು ನಮ್ಮ ಟೀವಿಗೆ ಹಾಕಿದರು. ರಾಜರ ಕಾಲದ ಸಿನೆಮಾ, ಒಟ್ಟು ಎರಡು ಕ್ಯಾಸೆಟ್ಟಿನದು. ಇಂಗ್ಲಿಷ್ ಅಕ್ಷರ ಒಂದೂ ಇಲ್ಲ. ಶುಭಾಳ ಮಂಚವನ್ನು ಹಾಲ್‌ಗೆ ಎಳೆದಿದ್ದೆವು. ಅವಳು ಗೋಡೆ ಕಡೆ ತಿರುಗಿ ಮಲಗಿದ್ದಳು.

ಭಾಷೆ ಬಾರದಿದ್ದರೇನು, ಅರಮನೆಯ ಜಗಳ ನಮಗೆ ಹೊಸದೇ? ನಾನು ಹರಿಕಥೆ ದಾಸರ ಹಾಗೆ ಶುಭಾಳಿಗೆ ಹೇಳುತ್ತ ಹೋದೆ. "ಈ ಹಸಿರು ಬಟ್ಟೆಯವಳು ಪಟ್ಟದ ರಾಣಿ. ಒಳ್ಳೆಯವಳು, ಮುಖ ನೋಡಿದರೇ ಗೊತ್ತಾಗತ್ತೆ. ಆ ತಲೆ ಮೇಲೆ ಒಂದು ಮಣ ಕೂದಲು ಹೊತ್ತಿದಾಳಲ್ಲ, ಅವಳು ಅತ್ತೆ. ಈ ಕೆಂಪು ತುಟಿಯವಳು ರಾಜನ ಇನ್ನೊಬ್ಬಳು. ಆ ಕುಳ್ಳಿ ದಾಸಿ ಇದ್ದಾಳಲ್ಲ, ಬಾಗಿಲ ಸಂದಿಯಲ್ಲಿ ಕೇಳಿಸ್ಕೋತಾಳೆ, ಅವಳೇ ಚಾಡಿಕೋರಿ." ಹಲ್ಮೊನಿ ತಮ್ಮ ಪಾಡಿಗೆ ಕೊರಿಯನ್‌ನಲ್ಲಿ ಹೇಳುತ್ತಿದ್ದರು. ನಾವಿಬ್ಬರೂ ಒಬ್ಬರಿಗೊಬ್ಬರು ಹೌದು ಹೌದು ಎಂದು ತಲೆಯಾಡಿಸಿದೆವು.

ಪಟ್ಟದ ರಾಣಿಗೆ ಹೆಣ್ಣು ಕೂಸು ಹುಟ್ಟಿತು. ಕೂಸನ್ನು ಅರಮನೆಯಲ್ಲೇ ಇಟ್ಟುಕೊಂಡು ಅವಳನ್ನು ಪಲ್ಲಕ್ಕಿಯಲ್ಲಿ ಕೂರಿಸಿ ಒಂದು ಹುಲ್ಲಿನ ಮನೆಗೆ ಕಳಿಸಿದರು. ಅಲ್ಲಿ ಬಿಳಿ ಬಟ್ಟೆ ಉಟ್ಟು, ಕೂದಲು ಬಿಟ್ಟುಕೊಂಡು ಕೂತಳು.

"ಬಾಣಂತನಕ್ಕೆ ತವರಿಗೆ ಬಂದಳು" ಎಂದೆ. "ಪಾಪ, ತವರಿನವರು ಬಡವರು."

ಸ್ವಲ್ಪ ಹೊತ್ತಿಗೆ ಅರಮನೆಯಿಂದ ಒಬ್ಬ ಮಂತ್ರಿ ಹತ್ತು ಆಳುಗಳ ಜೊತೆ ಬಂದ. ಚಾಪೆ ಹಾಸಿದರು. ಪುಟ್ಟ ಮೇಜಿನ ಮೇಲೆ ಒಂದು ಬಟ್ಟಲು, ಅದರ ತುಂಬ ಕರ್ರಗೆ, ಹಬೆಯಾಡುವ ಏನೋ. ನನಗೆ ಆದ ಸಂತೋಷ ಅಷ್ಟಿಷ್ಟಲ್ಲ.

"ಏಳೇ ಶುಭಾ, ಇಲ್ಲಿ ನೋಡು. ಗಂಡನ ಮನೆಯಿಂದ ಕಷಾಯ ಕಳಿಸಿದ್ದಾರೆ, ಅದೂ ಮಂತ್ರಿ ಕೈಲಿ. ಹೇಗೆ ನಮಸ್ಕಾರ ಮಾಡ್ತಿದ್ದಾಳೆ ನೋಡು, ಬಟ್ಟಲಿಗೆ. ಅವಳು ಮಹಾರಾಣಿ. ನೀನು ಮೈಸೂರಿನ ಮಾಸ್ತರ ಮಗಳು ಮೂಗು ಮುರೀತೀಯ."

ಶುಭಾ ಈ ಕಡೆ ತಿರುಗಿದಳು. "ಅವಳು ಕುಡಿದರೆ ನಾನೂ ಕುಡೀತೀನಿ. ಕೊಡು" ಎಂದಳು. ಅಷ್ಟುದ್ದದ ಮಾತು ಅವಳ ಬಾಯಿಂದ ಬಂದು ಎಷ್ಟೋ ದಿನವಾಗಿತ್ತು. ಓಡಿ ಹೋಗಿ ಲೋಟ ತಂದು ಅವಳ ಕೈಗೆ ಕೊಟ್ಟೆ. ಟೀವಿಯಲ್ಲಿ ರಾಣಿ ಎರಡೂ ಕೈಯಲ್ಲಿ ಬಟ್ಟಲು ಎತ್ತಿದಳು, ಇಲ್ಲಿ ಶುಭಾ ಲೋಟ ಎತ್ತಿದಳು. ಇಬ್ಬರೂ ಒಟ್ಟಿಗೆ ಕುಡಿದರು.

ರಾಣಿಯ ಬಾಯಿಂದ ರಕ್ತ ಬಂತು. ಅವಳು ಚಾಪೆಯ ಮೇಲೆ ಉರುಳಿ ಸತ್ತೇಹೋದಳು.

ನನ್ನ ಬಾಯಿ ತೆರೆದದ್ದು ತೆರೆದ ಹಾಗೇ ಇತ್ತು. ಶುಭಾ ಲೋಟವನ್ನು ನೋಡಿದಳು, ನನ್ನನ್ನು ನೋಡಿದಳು, ಬಾಯಲ್ಲಿದ್ದ ಕಷಾಯವನ್ನೆಲ್ಲ ನನ್ನ ಸೀರೆಯ ಮೇಲೆ ಉಗಿದು ನಗತೊಡಗಿದಳು. ಹೊಟ್ಟೆ ಹಿಡಿದುಕೊಂಡು ನಕ್ಕಳು, ಮಂಚದಿಂದ ಜಾರಿ ಕೆಳಗೆ ಕೂತು ನಕ್ಕಳು. ರಾಣಿಗಾಗಿ ಕಣ್ಣೀರು ಹಾಕುತ್ತಿದ್ದ ಹಲ್ಮೊನಿಗೆ ನಮ್ಮ ಮೇಲೆ ಕೋಪ ಬಂತು. ಆಮೇಲೆ ಲೋಟ ಕಂಡಿತು, ಅದರ ತಳದಲ್ಲಿದ್ದ ಕರಿ ಗಸಿ ಕಂಡಿತು. ಅವರು ನೆಲ ಬಡಿದುಕೊಂಡು ನಕ್ಕರು.

ನಗುತ್ತ ನಗುತ್ತಲೇ ಶುಭಾ ಅಳತೊಡಗಿದಳು. ಆ ಅಳು ಬೇರೆಯದು. ನಾನು ಪಕ್ಕ ಕೂತು ತಬ್ಬಿಕೊಂಡೆ.

"ಚಿಕ್ಕಮ್ಮ, ಮಗೂನ ನೋಡಿದರೆ ನನಗೆ ಏನೂ ಅನ್ನಿಸ್ತಾ ಇಲ್ಲ" ಎಂದಳು. "ಎಲ್ಲರೂ ಮುದ್ದು ಮುದ್ದು ಅಂತಾರೆ. ನನಗೆ ಯಾರ ಮನೆ ಮಗುವನ್ನೋ ನೋಡ್ಕೊಳ್ಳೋಕೆ ಕೊಟ್ಟ ಹಾಗಿದೆ. ನಾನು ಕೆಟ್ಟವಳಾ?"

"ನೀನು ಕೆಟ್ಟವಳಾಗಿದ್ದರೆ ಇಷ್ಟು ಅಳ್ತಿದ್ದೆಯೇನೇ ಹುಚ್ಚಿ" ಎಂದೆ. ನನಗೂ ಅಳು ಬಂತು.

ಮರುದಿನ ಪ್ರಸನ್ನ ರಜೆ ಹಾಕಿ ಅವಳನ್ನು ಡಾಕ್ಟರ ಹತ್ತಿರ ಕರೆದುಕೊಂಡು ಹೋದ. ಇದು ಎಷ್ಟೋ ತಾಯಂದಿರಿಗೆ ಬರುತ್ತದೆ, ಹೋಗುತ್ತದೆ, ಒಬ್ಬಳೇ ಬಿಡಬೇಡಿ, ಮಾತಾಡಲಿ, ಹೊರಗೆ ಸುತ್ತಾಡಲಿ, ಆಗಾಗ ಬಂದು ತೋರಿಸಿ ಎಂದರಂತೆ. ಆವತ್ತಿನಿಂದ ಶುಭಾ ಸ್ವಲ್ಪ ಮಾತಾಡಿದಳು, ಸ್ವಲ್ಪ ತಿಂದಳು. ಕೂಸನ್ನು ಚಾಚುವುದು ಮಾತ್ರ ನಿಲ್ಲಲಿಲ್ಲ.

ಆದರೆ ಒಂದು ಪ್ರಶ್ನೆ ಅವಳ ತಲೆಗೆ ಹೊಕ್ಕಿತ್ತು. ಆ ಮೊದಲ ಕ್ಯಾಸೆಟ್ಟಿನ ಕೊನೆಯಲ್ಲಿ, ನಾನು ಚಾಡಿಕೋರಿ ಎಂದಿದ್ದ ಕುಳ್ಳಿ ದಾಸಿ ರಾಣಿಯ ಕೂಸನ್ನು ಬೆನ್ನಿಗೆ ಕಟ್ಟಿಕೊಂಡು ಹಿಮದಲ್ಲಿ ನಡೆಯುತ್ತ ಅರಮನೆಯಿಂದ ಹೊರಗೆ ಹೋಗಲು ಹೆಬ್ಬಾಗಿಲಿಗೆ ಬರುತ್ತಾಳೆ. ಕಾವಲುಗಾರ ಅವಳನ್ನು ತಡೆದು ನಿಲ್ಲಿಸುತ್ತಾನೆ. ಅಲ್ಲಿಗೆ ಕ್ಯಾಸೆಟ್ಟು ಮುಗಿಯುತ್ತದೆ.

"ಆ ಮಗು ಏನಾಯ್ತು ಚಿಕ್ಕಮ್ಮ?" ಎಂದು ಶುಭಾ ಊಟ ಮಾಡುವಾಗ ಕೇಳುತ್ತಾಳೆ, ತಲೆ ಬಾಚಿಕೊಳ್ಳುವಾಗ ಕೇಳುತ್ತಾಳೆ. ಎರಡನೆಯ ಕ್ಯಾಸೆಟ್ಟನ್ನು ಯಾರೋ ಪುಣ್ಯಾತ್ಮರು ತೆಗೆದುಕೊಂಡು ಹೋಗಿ ಅಂಗಡಿಗೆ ವಾಪಸು ಕೊಟ್ಟಿರಲಿಲ್ಲ. ಅವಳು ಯಾವುದೋ ಒಂದು ಕೂಸನ್ನು ವಿಚಾರಿಸಿಕೊಂಡದ್ದು ಇದೇ ಮೊದಲು. ಆ ಕ್ಯಾಸೆಟ್ಟು ಟೆಕ್ಸಾಸ್‌ನಲ್ಲಿ ಎಲ್ಲಿದ್ದರೂ ಹುಡುಕಿ ತರುವುದೆಂದು ನಾನು ತೀರ್ಮಾನಿಸಿದೆ.

ಹೂಸ್ಟನ್

ಚಳಿ ಹೋಗಿ ಮರ ಚಿಗುರಿತು. ಹೂಸ್ಟನ್‌ನಲ್ಲಿರುವ ಪ್ರಸನ್ನನ ಅಕ್ಕ ಮಂಗಳಾ ತಮ್ಮ ಮನೆಯಲ್ಲೇ ನಾಮಕರಣ ಎಂದು ಹಟ ಹಿಡಿದರು. ಅಲ್ಲಿಂದ ಪ್ರಸನ್ನನಿಗೆ ಆಸ್ಟಿನ್‌ನಲ್ಲಿ ಆಫೀಸಿನ ಕೆಲಸ. ಹಲ್ಮೊನಿಯ ಮಗನ ಮನೆ ಆಸ್ಟಿನ್ ಹತ್ತಿರದ ಜಾರ್ಜ್‌ಟೌನ್‌ನಲ್ಲಿ. ಒಂದು ವ್ಯಾನಿನಲ್ಲಿ ಎಲ್ಲರೂ ಹೊರಟೆವು. ಹಲ್ಮೊನಿ ತಿನ್ನಲು ಅಕ್ಕಿಯ ಸುರುಳಿ ತಂದಿದ್ದರು, ನಾನು ಪುಳಿಯೋಗರೆ. ಕೊನೆಗೆ ಅವರು ಪುಳಿಯೋಗರೆ ತಿಂದರು, ನಾನು ಸುರುಳಿ ತಿಂದೆ.

ಹೂಸ್ಟನ್‌ನ ಗಾಳಿ ಮಂಗಳೂರಿನದು, ರಸ್ತೆ ಮಾತ್ರ ಯಾವ ಲೋಕದ್ದೋ. ಒಂದರ ಮೇಲೊಂದು ಸೇತುವೆ ಸುತ್ತಿಕೊಂಡಿರುವುದನ್ನು ನೋಡಿ ಹಲ್ಮೊನಿಯೂ ನಾನೂ ಒಟ್ಟಿಗೆ ಕಣ್ಣು ಮುಚ್ಚಿಕೊಂಡೆವು.

ಮಂಗಳಾ ಗಟ್ಟಿ ಹೆಂಗಸು. ಅಲ್ಲಿ ಪಾರ್ಟಿಗಳಿಗೆ ಅಡುಗೆ ಮಾಡಿ ಕಳಿಸುವ ವ್ಯಾಪಾರ ನಡೆಸುತ್ತಾರೆ. ತೊಟ್ಟಿಲು ಇಲ್ಲವೆಂದು ಬಟ್ಟೆ ಒಗೆಯುವ ಪ್ಲಾಸ್ಟಿಕ್ ಬುಟ್ಟಿಗೆ ಇಳಕಲ್ ಸೀರೆ ಸುತ್ತಿ, ಗ್ಯಾರೇಜಿನ ತೊಲೆಗೆ ಕಟ್ಟಿದ್ದರು. "ಗೋವಿಂದನ್ನ ತಗೋರಿ, ಗೋಪಾಲನ್ನ ಕೊಡ್ರಿ" ಎಂದು ಹೆಂಗಸರು ಕೂಸನ್ನು ಬುಟ್ಟಿಯ ಮೇಲೊಮ್ಮೆ ಕೆಳಗೊಮ್ಮೆ ದಾಟಿಸಿದರು. ಆಮೇಲೆ ಸೋದರತ್ತೆ ಮಂಗಳಾ ಬಗ್ಗಿ ಕೂಸಿನ ಕಿವಿಯಲ್ಲಿ "ಕುರ್ರ್, ಮೇಘನಾ" ಎಂದರು. ಆ ಕಡೆಯ ಪದ್ಧತಿಯಂತೆ ಹೆಂಗಸರೆಲ್ಲ ಅವರ ಬೆನ್ನಿಗೆ ದಬದಬ ಗುದ್ದಿದರು.

ಹಲ್ಮೊನಿ ಎದ್ದೇಬಿಟ್ಟರು. ಒಬ್ಬಳು ಹೆಂಗಸನ್ನು ಬಗ್ಗಿಸಿ ಎಲ್ಲರೂ ಸೇರಿ ಹೊಡೆಯುತ್ತಿರುವುದು ಅವರಿಗೆ ಕಂಡದ್ದು. ಗುಂಪಿನೊಳಗೆ ನುಗ್ಗಿ, ಮಂಗಳಾ ಅವರ ಬೆನ್ನಿಗೆ ಅಡ್ಡವಾಗಿ ನಿಂತು, ಕೈ ಅಗಲಿಸಿ ಕೊರಿಯನ್‌ನಲ್ಲಿ ಗದರಿದರು. ಹೆಂಗಸರು ಗುದ್ದು ಎತ್ತಿದ ಕೈಯಲ್ಲೇ ನಿಂತರು. ಮಂಗಳಾ ತಿರುಗಿ ನೋಡಿ, "ಈ ಯವ್ವ ಯಾರರೀ? ಇಷ್ಟು ವರ್ಷದಾಗ ನನ್ನ ಪರವಾಗಿ ನಿಂತಾಕಿ ಇಕಿ ಒಬ್ಬಾಕೀನ ನೋಡ್ರಿ" ಎಂದು ಅವರನ್ನು ತಬ್ಬಿಕೊಂಡರು. ನಾನು ಅವರ ವಿಷವನ್ನು ಕಷಾಯ ಎಂದಿದ್ದ ಲೆಕ್ಕ ಅಲ್ಲಿಗೆ ಸರಿಹೋಯಿತು.

ಊಟವಾದ ಮೇಲೆ ಹಲ್ಮೊನಿ, ಪ್ರಸನ್ನ, ನಾನು ಅಲ್ಲಿಯ ಕೊರಿಯಾ ಅಂಗಡಿಗೆ ಹೋಗಿ ಕ್ಯಾಸೆಟ್ಟು ಹುಡುಕಿಸಿ ತಂದೆವು. ಎಲ್ಲರೂ ಬಾಳಕದ ಮೆಣಸಿನಕಾಯಿ ಹಿಡಿದು ಟೀವಿ ಮುಂದೆ ಕೂತರೆ, ಡಬ್ಬಿಯೊಳಗಿಂದ ಬಂದದ್ದು ಬೇರೆಯೇ ಸಿನೆಮಾ. ಮದುವೆಯ ಬಸ್ಸು ಕೆಟ್ಟು ದಾರಿಯಲ್ಲಿ ನಿಲ್ಲುವ ತಮಾಷೆಯ ಕಥೆ. ನಡುವೆ ಬಿಟ್ಟು ಏಳಲು ಯಾರಿಗೂ ಮನಸ್ಸಾಗಲಿಲ್ಲ. ಶುಭಾ ಮಾತ್ರ, "ಹಾಗಾದರೆ ಆ ಮಗು?" ಎಂದಳು.

ಅಷ್ಟರಲ್ಲಿ ಮೇಘನಾ ಅತ್ತಳು. ನಾನು ಎದ್ದೆ.

ಮಂಗಳಾ ನೋಡುತ್ತಲೇ ಇದ್ದರು. ಅಡುಗೆಮನೆಗೆ ಹೋದಾಗ ಅಂದರು, "ಕೂಸು ಅತ್ತರ ಚಿಕ್ಕಮ್ಮಾರು ಏಳ್ತೀರಿ, ಕೂಸಿನ ಅವ್ವ ಕುಂತಿರ್ತಾಳ. ಎಲ್ಲಾ ನೀವ ಮಾಡಿದರ ಆಕಿ ಏನ್ ಮಾಡಬೇಕ್ರಿ?"

"ಬಾಣಂತಿಗೆ ರೆಸ್ಟ್ ಬೇಡವೇನ್ರೀ?" ಎಂದೆ, ಸ್ವಲ್ಪ ಬಿರುಸಾಗಿಯೇ.

"ಮೈಗೆ ಬೇಕ್ರಿ. ಕೈಗೆ ಬ್ಯಾಡ" ಎಂದರು ಅವರು, ಚಪಾತಿ ತಿರುವಿ ಹಾಕುತ್ತ.

ನನಗೆ ಚುಚ್ಚಿತು. ಹಗಲೂ ರಾತ್ರಿ ದುಡಿದವಳಿಗೆ ಇದೇ ಬಹುಮಾನವೇ ಎಂದು ಆ ಹೊತ್ತು ಅವರ ಚಪಾತಿಯನ್ನು ಮಾತಿಲ್ಲದೆ ತಿಂದೆ. ಚಪಾತಿ ಮೆತ್ತಗಿತ್ತು, ಅದು ಬೇರೆ ಸಿಟ್ಟು.

ಆಸ್ಟಿನ್ ದಾರಿ

ಹೂಸ್ಟನ್ ಬಿಟ್ಟ ಮೇಲೆ ರಸ್ತೆಯ ಎರಡೂ ಬದಿ ನೀಲಿ ಹೂವು. ಯಾರೂ ನೆಟ್ಟದ್ದಲ್ಲ, ನೀರು ಹಾಕಿದ್ದಲ್ಲ, ಕಣ್ಣು ಹಾಯುವವರೆಗೆ ನೀಲಿ. ಅಲ್ಲಿಯವರು ಕಾರು ನಿಲ್ಲಿಸಿ, ಮಕ್ಕಳಿಗೆ ಒಳ್ಳೆಯ ಬಟ್ಟೆ ಹಾಕಿ, ಹೂವಿನ ನಡುವೆ ಕೂರಿಸಿ ಫೋಟೋ ತೆಗೆಯುತ್ತಾರೆ. ವಸಂತದಲ್ಲಿ ಅದೊಂದು ಹಬ್ಬ. ಟೋಪಿ, ಬೂಟು ಹಾಕಿದ ದಪ್ಪನೆಯ ಗಂಡಸೊಬ್ಬ ನೆಲಕ್ಕೆ ಮಲಗಿ ತನ್ನ ಮಗಳ ಫೋಟೋ ತೆಗೆಯುತ್ತಿದ್ದ. ನಮ್ಮನ್ನು ನೋಡಿ ತಾನೇ ಬಂದು, ನಿಮ್ಮೆಲ್ಲರದೂ ಒಂದು ತೆಗೆದುಕೊಡುತ್ತೇನೆ ಎಂದ. ಗುರುತಿಲ್ಲದವರನ್ನೂ ನಕ್ಕು ಮಾತಾಡಿಸುವುದು ಆ ಜನರ ಒಳ್ಳೆಯ ಗುಣ.

ಹೂವಿನಲ್ಲಿ ಕೂಸನ್ನು ಹಿಡಿದು ಕೂರಲು ಶುಭಾಳನ್ನು ಕರೆದೆವು. "ನೀನೇ ಕೂತ್ಕೋ ಚಿಕ್ಕಮ್ಮ. ನನಗೆ ಬೇಡ" ಎಂದು ದೂರ ನಿಂತಳು. ಪ್ರಸನ್ನನ ನಗು ಆ ಗಳಿಗೆ ಎಲ್ಲಿಗೋ ಹೋಯಿತು. ನಾನು ಕೂಸನ್ನು ಎತ್ತಿಕೊಂಡು ಕೂತೆ. ಕೂತದ್ದು ಕೆಂಪಿರುವೆಯ ಗೂಡಿನ ಮೇಲೆ. ಆ ಇರುವೆ ಕಚ್ಚಿದರೆ ಬೆಂಕಿ ಇಟ್ಟ ಹಾಗೆ. ಕೂಸನ್ನು ಹಲ್ಮೊನಿಯ ಕೈಗೆ ಹಾಕಿ, ಹೂವಿನ ಮಧ್ಯೆ ನಾನು ಕುಣಿದ ಕುಣಿತವೇ ಆ ಫೋಟೋದಲ್ಲಿ ಬಂದಿರುವುದು. ಅಕ್ಕ ಅದನ್ನು ಕಟ್ಟು ಹಾಕಿಸಿ ಇಟ್ಟುಕೊಂಡಿದ್ದಾಳೆ.

ಜಾರ್ಜ್‌ಟೌನ್

ಆಸ್ಟಿನ್ ಊರನ್ನು ನಾವು ನೋಡಿದ್ದು ಒಂದು ಕೊರಿಯಾ ಅಂಗಡಿಯ ಮುಂದಿನ ಪಾರ್ಕಿಂಗ್‌ನಿಂದ. ಹಲ್ಮೊನಿ ಒಬ್ಬರೇ ಒಳಗೆ ಹೋದರು. ಬಹಳ ಹೊತ್ತಾಯಿತು. ಗಾಜಿನೊಳಗಿಂದ ಅವರು ಅಂಗಡಿಯವನಿಗೆ ಬೆರಳು ತೋರಿಸಿ ಮಾತಾಡುವುದು ಕಾಣುತ್ತಿತ್ತು. ಅವನು ಏಣಿ ಹತ್ತಿದ, ಇಳಿದ, ಒಳಕೋಣೆಗೆ ಹೋದ. ಕೊನೆಗೆ ಅವರು ಕ್ಯಾಸೆಟ್ಟನ್ನು ಎದೆಗೆ ಒತ್ತಿಕೊಂಡು ಬಂದರು. ಈ ಸಲ ಅಂಗಡಿಯಲ್ಲೇ ಹಾಕಿಸಿ ನೋಡಿ ತಂದಿದ್ದರು.

ಅವರ ಮಗನ ಮನೆ ಜಾರ್ಜ್‌ಟೌನ್‌ನ ಹೊಸ ಬಡಾವಣೆಯಲ್ಲಿ. ಬಣ್ಣದ ವಾಸನೆ ಇನ್ನೂ ಹೋಗಿರಲಿಲ್ಲ. ಬಾಗಿಲಲ್ಲಿ ಚಪ್ಪಲಿ ಬಿಟ್ಟು, ಕೈಕಾಲು ತೊಳೆದು, ನೆಲದ ಮೇಲೆ ಕೂತೆವು. ಅಮೆರಿಕದಲ್ಲಿ ಯಾರ ಮನೆಯಲ್ಲೂ ನನಗೆ ಅಷ್ಟು ಸಲೀಸಾಗಿರಲಿಲ್ಲ. ಮೇಘನಾಳನ್ನು ಒಳಗಿನ ಕೋಣೆಯಲ್ಲಿ ಹಾಸಿಗೆ ಹಾಸಿ ಮಲಗಿಸಿದೆ. ಮಧ್ಯಾಹ್ನದ ಚಹಾ ಬಂತು. ಮಗನ ಹೆಸರು ಸಂಗ್, ಇಂಗ್ಲಿಷ್ ಚೆನ್ನಾಗಿ ಬರುತ್ತದೆ. ಅವನು ಕಥೆ ಬಿಡಿಸಿ ಹೇಳಿದ. ನಾನು ಹೇಳಿದ್ದೆಲ್ಲ ಉಲ್ಟಾ ಎಂದು ಆಗ ಗೊತ್ತಾಯಿತು. ಹುಲ್ಲಿನ ಮನೆ ತವರಲ್ಲ, ಗಡೀಪಾರು. ಅತ್ತೆ ಅತ್ತೆಯಲ್ಲ, ರಾಜನ ಅಜ್ಜಿ. ಚಾಡಿಕೋರಿ ದಾಸಿಯೇ ರಾಣಿಗೆ ನಂಬಿಕೆಯವಳು.

"ಮತ್ತೆ ವಿಷಕ್ಕೆ ಯಾಕೆ ನಮಸ್ಕಾರ ಮಾಡಿದಳು?" ಎಂದು ಕೇಳಿದೆ.

ತಲೆ ಕಡಿಸದೆ ಮರ್ಯಾದೆಯಿಂದ ಸಾಯಲು ಬಿಟ್ಟದ್ದಕ್ಕೆ ರಾಜನಿಗೆ ಕೃತಜ್ಞತೆಯಂತೆ. ಗಂಡ ವಿಷ ಕಳಿಸಿದರೂ ಥ್ಯಾಂಕ್ಸ್ ಹೇಳಬೇಕು. ನನ್ನ ಕಥೆಯೇ ವಾಸಿ ಎಂದೆ. ಸಂಗ್ ಅದನ್ನು ತಾಯಿಗೆ ಹೇಳಿದ. ಅವರು ಹೌದೆಂದು ನನ್ನ ತೊಡೆ ತಟ್ಟಿದರು.

ಎರಡನೆಯ ಕ್ಯಾಸೆಟ್ಟು ಶುರುವಾಯಿತು. ಅದೇ ಹಿಮ, ಅದೇ ಹೆಬ್ಬಾಗಿಲು. ದಾಸಿ ಬೆನ್ನಿಗೆ ಕಟ್ಟಿದ ಗಂಟನ್ನು ಕಂಬಳಿಯಿಂದ ಮುಚ್ಚಿದ್ದಾಳೆ. ಕಾವಲುಗಾರ ದೀಪ ಎತ್ತಿ ಅವಳ ಮುಖ ನೋಡುತ್ತಾನೆ. ಇದರಲ್ಲಿ ಏನು ಎನ್ನುತ್ತಾನೆ. ರಾಗಿಯಂಥ ಯಾವುದೋ ಧಾನ್ಯ ಎನ್ನುತ್ತಾಳೆ ಅವಳು. ಶುಭಾ ಮೊಣಕಾಲು ತಬ್ಬಿಕೊಂಡು ಟೀವಿಯ ಹತ್ತಿರಕ್ಕೆ ಸರಿದಳು. ಅಷ್ಟರಲ್ಲಿ ಗಂಟಿನೊಳಗಿನ ಕೂಸು ಅತ್ತಿತು. ಕಾವಲುಗಾರನ ಕೈ ಕತ್ತಿಗೆ ಹೋಯಿತು. ಅವನ ಮುಖದ ಮೇಲೆ ಹಿಮ ಬೀಳುತ್ತಿದೆ, ದಾಸಿ ಉಸಿರು ಬಿಗಿಹಿಡಿದಿದ್ದಾಳೆ, ನಾವೂ ಬಿಗಿಹಿಡಿದಿದ್ದೇವೆ. ದಾಸಿ ಕೈ ಹಿಂದೆ ಮಾಡಿ ತಟ್ಟಿದಳು, ಕೂಸು ಬಾಯಿ ಮುಚ್ಚಿತು.

ಅಳು ಮಾತ್ರ ನಿಲ್ಲಲಿಲ್ಲ. ಅದು ಒಳಗಿನ ಕೋಣೆಯಿಂದ ಬರುತ್ತಿತ್ತು.

ನಾನು ಅಭ್ಯಾಸಬಲದಿಂದ ಏಳಹೋದೆ. ಏಳಲಾಗಲಿಲ್ಲ. ಹಲ್ಮೊನಿ ನನ್ನ ಸೆರಗನ್ನು ಮುಷ್ಟಿಯಲ್ಲಿ ಹಿಡಿದಿದ್ದರು. ಕಣ್ಣು ಟೀವಿಯ ಮೇಲೇ ಇತ್ತು. ನಾನು ಜಗ್ಗಿದೆ, ಅವರು ಇನ್ನೊಂದು ಸುತ್ತು ಸುತ್ತಿಕೊಂಡರು. ಒಳಗೆ ಮೇಘನಾಳ ಅಳು ಏರಿತು. ಪ್ರಸನ್ನ ನನ್ನ ಕಡೆ ನೋಡಿದ. ಎಲ್ಲ ದಿನವೂ ಓಡುವವಳು ಇವತ್ತು ಯಾಕೆ ಕೂತಳು ಎಂದು ಅವನಿಗೆ ಗಾಬರಿ. ಹೂಸ್ಟನ್‌ನ ಅಡುಗೆಮನೆಯ ಮಾತು ನೆನಪಾಯಿತು. ಕೂತೆ.

ಶುಭಾ ಟೀವಿ ನೋಡಿದಳು. ಬಾಗಿಲ ಕಡೆ ನೋಡಿದಳು. ಮತ್ತೆ ನನ್ನನ್ನು ನೋಡಿದಳು. ನಾನು ಟೀವಿಯಲ್ಲಿ ಕಣ್ಣು ನೆಟ್ಟೆ, ಅಲ್ಲಿ ಏನು ನಡೆಯುತ್ತಿತ್ತೋ ದೇವರಿಗೇ ಗೊತ್ತು.

"ಯಾರೂ ಹೋಗ್ತಿಲ್ವಾ?" ಎಂದಳು.

ಸಂಗ್ ರಿಮೋಟ್ ಎತ್ತಿ ಸಿನೆಮಾ ನಿಲ್ಲಿಸಲು ಹೋದ.

"ನಿಲ್ಲಿಸಬೇಡಿ, ನೋಡ್ತಿರಿ" ಎಂದು ಅವನಿಗೆ ಇಂಗ್ಲಿಷಿನಲ್ಲಿ ಹೇಳಿ ಶುಭಾ ಎದ್ದು ಹೋದಳು.

ಅಳು ಸ್ವಲ್ಪ ಹೊತ್ತು ಹಾಗೇ ಇತ್ತು. ಆಮೇಲೆ ಅದರ ಜೊತೆ ಇನ್ನೊಂದು ದನಿ ಸೇರಿತು. "ಯಾಕೇ ಹೀಗೆ ಕಿರುಚ್ತೀಯ? ಬಂದೆ ಅಲ್ವಾ? ಒಳ್ಳೇ ಹೊತ್ತು ನೋಡಿಕೊಂಡು ಎದ್ದೆಯಲ್ಲೇ, ಅಲ್ಲಿ ಅವನು ಕತ್ತಿ ಎತ್ತಿದ್ದ." ಹಳೆಯ ಶುಭಾ, ಬಸ್ಸಿನ ಶುಭಾ. ಅಳು ನಿಂತಿತು. ಮಾತು ನಿಲ್ಲಲಿಲ್ಲ. ಅರಮನೆಯ ಕಥೆಯನ್ನೆಲ್ಲ ಕೂಸಿಗೆ ಹೇಳುತ್ತಿದ್ದಳು, ಗಡೀಪಾರು, ಕಷಾಯ, ದಾಸಿ ಎಲ್ಲ.

ಪ್ರಸನ್ನ ಕನ್ನಡಕ ತೆಗೆದು ಒರೆಸಿಕೊಂಡ, ಹಾಕಿಕೊಂಡ, ಮತ್ತೆ ತೆಗೆದ. ಹಲ್ಮೊನಿ ನನ್ನ ಸೆರಗು ಬಿಟ್ಟರು. ಅವರ ಮುಷ್ಟಿಯಲ್ಲಿ ಅದು ಮುದ್ದೆಯಾಗಿತ್ತು. ಟೀವಿಯಲ್ಲಿ ಯುದ್ಧವೋ ಮದುವೆಯೋ ಆಗಿ ಸಿನೆಮಾ ಮುಗಿದೇಹೋಯಿತು. ನಾನು ನೋಡಲಿಲ್ಲ. ಕಿವಿಯೆಲ್ಲ ಆ ಕೋಣೆಯಲ್ಲಿತ್ತು.

ಎಷ್ಟೋ ಹೊತ್ತಿನ ಮೇಲೆ ಶುಭಾ ಕೂಸನ್ನು ಹೆಗಲಿಗೆ ಹಾಕಿಕೊಂಡು ಬಂದಳು. ಸಿನೆಮಾ ಏನಾಯಿತೆಂದು ಕೇಳಲಿಲ್ಲ. ಸೀದಾ ನನ್ನ ಹತ್ತಿರ ಬಂದು ಕೂತು, ಕೂಸಿನ ತಲೆಯನ್ನು ಬೆಳಕಿಗೆ ತಿರುಗಿಸಿದಳು. ಅವಳ ಮುಖ ಅರಳಿತ್ತು.

"ಚಿಕ್ಕಮ್ಮ, ಇಲ್ಲಿ ನೋಡು. ಇವಳ ಎಡಗಿವಿ ತುದಿ ಮಡಚಿದೆ, ನನ್ನದರ ಹಾಗೇ. ನೀನು ನೋಡಿದ್ದೆಯಾ?"

ಹುಟ್ಟಿದಾಗಿನಿಂದ ದಿನ ತಪ್ಪದೆ ಆ ಕಿವಿಗೆ ಎಣ್ಣೆ ಸವರಿ, ಮಡಿಕೆ ಬಿಡಿಸಿ, ನೀರು ನಿಲ್ಲದ ಹಾಗೆ ಒರೆಸಿದವಳು ನಾನು.

"ಹೌದೇನೇ?" ಎಂದೆ. "ನಾನು ನೋಡೇ ಇರಲಿಲ್ಲ. ಎಲ್ಲಿ, ತೋರಿಸು."